ಐದು ಪದರದ ಹಲಗೆ

ನಮ್ಮ ಮನೆಯಲ್ಲಿ ‘ಬ್ಲೇಡು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ನಾನು ದಿನವೂ ಬೆಳಗ್ಗೆ ಗಡ್ಡವನ್ನು ಹೆರೆದುಕೊಳ್ಳುವ ಸಾಧನ. ಇದು ನನ್ನ ಮನೆಯಾಕೆಗೆ ಒಪ್ಪಿಗೆಯಾದ ಅರ್ಥ. ಇನ್ನೊಂದು, ಟೇಬಲ್ ಟೆನಿಸ್ ಆಡುವ ಬ್ಯಾಟಿನಿಂದ ಎರಡು ಪಕ್ಕದ ರಬ್ಬರನ್ನೂ ತೆಗೆದ ಮೇಲೆ ಉಳಿಯುವ ಮರದ ಹಲಗೆ. ಇದು ಆಕೆಗೆ ಇಂದಿಗೂ ಪೂರ್ಣವಾಗಿ ಒಪ್ಪಿಗೆಯಾಗಿಲ್ಲ. ನಾಲ್ಕು ವರ್ಷಗಳ ಕೆಳಗೆ ಅಂಚೆಯಲ್ಲಿ ಬಂದ ಪೊಟ್ಟಣದೊಳಗಿನ ಬೆಲೆಯ ಚೀಟಿಯನ್ನು ಓದಿ ಆಕೆ, “ಒಂದು ಬ್ಲೇಡಿಗೆ ಒಂಬತ್ತು ಸಾವಿರ ರೂಪಾಯಿಯೆ? ಇದರಲ್ಲಿ ಕ್ಷೌರ ಮಾಡಿಕೊಂಡರೆ ಗಡ್ಡ ಮತ್ತೆ ಬೆಳೆಯುವುದೇ ಇಲ್ಲವೋ?” ಎಂದು ಕೇಳಿದಳು. ಆಗ ನನಗೆ ಉತ್ತರವು ಹೊಳೆಯಲಿಲ್ಲ. ಈಗ ಹೊಳೆಯುತ್ತದೆ. ಕ್ಷೌರವೇನೋ ಆಯಿತು, ಆದದ್ದು ಗಡ್ಡಕ್ಕಲ್ಲ, ನನ್ನ ಅಹಂಕಾರಕ್ಕೆ.

ಓದುಗರಲ್ಲಿ ಈ ಆಟವನ್ನು ಆಡದವರು ಅನೇಕರಿರಬಹುದು. ಒಂದು ಮರದ ತುಂಡನ್ನು ಆರಿಸುವುದರಲ್ಲಿ ಅಷ್ಟೊಂದು ಯೋಚಿಸತಕ್ಕದ್ದೇನಿದೆ ಎಂಬ ಸಂದೇಹವು ಅವರಿಗೆ ಸಹಜವಾದದ್ದೇ. ವೀಣೆಯನ್ನು ನುಡಿಸದವನಿಗೆ ಹಲಸಿನ ಮರದ ಕೊಡಕ್ಕೂ ಬೇರೆ ಮರದ ಕೊಡಕ್ಕೂ ಇರುವ ಭೇದವು ತಿಳಿಯುವುದಿಲ್ಲ. ನುಡಿಸುವವನ ಬೆರಳಾದರೋ ಒಂದೇ ಮೀಟಿಗೆ ಅದನ್ನು ಕಂಡುಕೊಳ್ಳುತ್ತದೆ. ನಮ್ಮ ಚೆಂಡಿನ ತೂಕ 2.7 ಗ್ರಾಂ. ಅದು ಬ್ಯಾಟಿಗೆ ತಗುಲಿ ಬಿಟ್ಟುಹೋಗುವ ಕಾಲವು ಕಣ್ಣು ಮಿಟುಕಿಸುವ ಕಾಲದಲ್ಲಿ ಒಂದು ಸಣ್ಣ ಪಾಲು. ಅಷ್ಟರಲ್ಲಿ ಆ ಚೆಂಡು ಹೇಳಬೇಕಾದ ಸುದ್ದಿಯೆಲ್ಲವೂ, ಎಷ್ಟು ವೇಗದಿಂದ ಬಂದೆ, ಎತ್ತ ಸುತ್ತುತ್ತಿದ್ದೇನೆ, ನಿನ್ನ ಹಲಗೆಯ ಯಾವ ಮೂಲೆಗೆ ತಗುಲಿದೆ ಎಂಬುದೆಲ್ಲವೂ, ಮರದ ಮೂಲಕವೇ ಅಂಗೈಗೆ ಬರಬೇಕು. ರಬ್ಬರು ಆರೇಳು ತಿಂಗಳಿಗೆ ಸವೆದುಹೋಗುತ್ತದೆ, ಬದಲಾಯಿಸುತ್ತೇವೆ. ಹಲಗೆಯು ಹಾಗಲ್ಲ. ಚೆನ್ನಾಗಿ ನೋಡಿಕೊಂಡರೆ ಅದು ಮೂವತ್ತು ವರ್ಷ ಬಾಳುತ್ತದೆ. ಹಾಗೆ ಬಾಳಿದ ಒಂದನ್ನು ನಾನು ಬಲ್ಲೆ. ಅದನ್ನು ಕೆಡಿಸಿದವನೂ ನಾನೇ.

ನಮ್ಮದು ಮಲೆನಾಡಿನ ಒಂದು ಚಿಕ್ಕ ಊರು. ಹೆಂಚಿನ ಮಾಡಿನ ಒಂದು ಹಳೆಯ ಕಟ್ಟಡದಲ್ಲಿ ನಮ್ಮ ಕ್ಲಬ್ಬು. ಅಲ್ಲಿರುವುದು ಒಂದೇ ಮೇಜು. ಉದ್ದ 2.74 ಮೀಟರು, ಅಗಲ 1.525 ಮೀಟರು, ಎತ್ತರ 76 ಸೆಂಟಿಮೀಟರು ಎಂದು ನಿಯಮವು ಹೇಳುವಷ್ಟೂ ನಮ್ಮ ಮೇಜಿಗೆ ಉಂಟು. ನಿಯಮವು ಹೇಳದಿರುವ ಒಂದು ತಗ್ಗೂ ಉಂಟು. ಹಿಂದೊಂದು ಮಳೆಗಾಲದಲ್ಲಿ ಹೆಂಚಿನ ಸಂದಿನಿಂದ ನೀರು ತೊಟ್ಟಿಕ್ಕಿ ಒಂದು ಮೂಲೆ ಮೆತ್ತಗಾಗಿದೆ. ಅಲ್ಲಿ ಬಿದ್ದ ಚೆಂಡು ಮೇಲೇಳುವುದಿಲ್ಲ. ಆ ಮೂಲೆಗೆ ನಾವು ‘ಕೆರೆ’ ಎಂದು ಹೆಸರಿಟ್ಟಿದ್ದೇವೆ. ಸಂಜೆ ಆರು ಗಂಟೆಗೆ ಒಬ್ಬ ವಕೀಲರು, ಇಬ್ಬರು ಉಪಾಧ್ಯಾಯರು, ಒಬ್ಬ ಅಡಿಕೆ ಮಂಡಿಯ ಸಾಹುಕಾರರು, ನಾನು, ನಿವೃತ್ತರಾದ ಪೋಸ್ಟ್ ಮಾಸ್ತರರು ಅಲ್ಲಿ ಸೇರುತ್ತೇವೆ. ಊರಿಗೆಲ್ಲ ಅವರು ಮಾಸ್ತರರೇ, ನಮಗೂ ಮಾಸ್ತರರೇ.

ಮಾಸ್ತರರಿಗೆ ಎಪ್ಪತ್ತು ದಾಟಿದೆ. ಅವರ ಬ್ಯಾಟಿಗೆ ಮೂವತ್ತು ದಾಟಿದೆ. ಐದು ಪದರದ, ಕೇವಲ ಮರದಿಂದಲೇ ಆದ ಹಲಗೆ ಅದು. ಹಿಡಿಯ ಮೇಲಿನ ಬಣ್ಣವೆಲ್ಲ ಅಳಿಸಿಹೋಗಿ, ಅವರ ಹೆಬ್ಬೆರಳು ಕೂರುವಲ್ಲಿ ಒಂದು ಸಣ್ಣ ತಗ್ಗು ಬಿದ್ದಿದೆ. ಅವರ ಆಟದಲ್ಲಿ ಹೊಡೆತವೆಂಬುದು ಅಪರೂಪ. ಎದುರಾಳಿಯು ಎಷ್ಟು ಬಿರುಸಾಗಿ ಹೊಡೆದರೂ ಅವರು ಬ್ಯಾಟನ್ನು ಸುಮ್ಮನೆ ಒಡ್ಡುತ್ತಾರೆ. ಚೆಂಡು ಸಾಲ ತೀರಿಸಲು ಬಂದ ಪ್ರಾಮಾಣಿಕನಂತೆ ಬಂದಷ್ಟೇ ವಿನಯದಿಂದ ಹಿಂದಿರುಗುತ್ತದೆ. ಇಪ್ಪತ್ತು ವರ್ಷ ಅವರೊಡನೆ ಆಡಿ, ಹತ್ತರಲ್ಲಿ ಏಳು ಆಟಗಳನ್ನು ಸೋತು, ಇದಕ್ಕೆ ಕಾರಣ ನನ್ನ ಬ್ಯಾಟು ಎಂಬ ತೀರ್ಮಾನಕ್ಕೆ ನಾನು ಬಂದೆ. ಮನುಷ್ಯನು ತನ್ನ ಸೋಲಿಗೆ ಕಾರಣವನ್ನು ಹುಡುಕುವಾಗ ತನ್ನಿಂದ ಆರಂಭಿಸುವುದು ಅಪರೂಪವಷ್ಟೆ.

ಆಗ ತರಿಸಿದ್ದೇ ಆ ಒಂಬತ್ತು ಸಾವಿರದ ಹಲಗೆ. ಅದರ ಪದರಗಳ ನಡುವೆ ಕಾರ್ಬನ್ ಎಳೆಗಳ ನೇಯ್ಗೆಯಿತ್ತು. ಈ ಆಟದ ನಿಯಮದಂತೆ ಹಲಗೆಯ ದಪ್ಪದಲ್ಲಿ ನೂರಕ್ಕೆ 85 ಪಾಲಾದರೂ ಸಹಜವಾದ ಮರವಿರಬೇಕು. ಬಲಕ್ಕಾಗಿ ನಡುವೆ ಸೇರಿಸುವ ಕಾರ್ಬನ್ನಿನಂಥ ಒಂದೊಂದು ಪದರವೂ ಒಟ್ಟು ದಪ್ಪದ ನೂರಕ್ಕೆ 7.5 ಪಾಲನ್ನಾಗಲಿ 0.35 ಮಿಲಿಮೀಟರನ್ನಾಗಲಿ, ಯಾವುದು ಕಡಿಮೆಯೋ ಅದನ್ನು ಮೀರಕೂಡದು. ಅಂದರೆ ಉಗುರಿಗಿಂತ ತೆಳುವಾದ ಒಂದು ಪದರ. ಆದರೆ ಆ ಪದರವು ಹಲಗೆಯ ಸ್ವಭಾವವನ್ನೇ ಬೇರೆ ಮಾಡಿಬಿಡುತ್ತದೆ. ಮರವು ಚೆಂಡಿನ ಏಟಿಗೆ ತುಸು ಬಾಗಿ ಅದನ್ನು ಕ್ಷಣಮಾತ್ರ ಹಿಡಿದು ಕಳುಹಿಸುತ್ತದೆ. ಕಾರ್ಬನ್ ಸೇರಿದ ಹಲಗೆ ಅಷ್ಟು ಬಾಗುವುದಿಲ್ಲ, ಬಂದ ಚೆಂಡನ್ನು ಬಾಗಿಲಲ್ಲಿಯೇ ಹೊರಡಿಸಿಬಿಡುತ್ತದೆ. ಚಿಕ್ಕಂದಿನಿಂದ ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡಿದವನ ಕೈಯಲ್ಲಿ ಅದು ಅಸ್ತ್ರ. ನನ್ನ ಕೈಯಲ್ಲಿ ಅದು ಹಗ್ಗ ಬಿಚ್ಚಿದ ಹೋರಿಯಾಯಿತು. ನಾನು ತಳ್ಳಿದ ಚೆಂಡು ಮೇಜನ್ನು ದಾಟಿ ಗೋಡೆಗೆ ಬಡಿಯುತ್ತಿತ್ತು. ಸುಮ್ಮನೆ ತಡೆದದ್ದು ಸಾಹುಕಾರರ ಕಾಫಿಯ ಲೋಟಕ್ಕೆ ಬೀಳುತ್ತಿತ್ತು. ಮೂರು ತಿಂಗಳು ನಾನು ಎಲ್ಲರಿಗೂ ಸೋತೆ.

ಒಂದು ಸಂಜೆ ಮಾಸ್ತರರು ಆ ಹಲಗೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಸಾಮಾನು ಬಹಳ ಚೆನ್ನಾಗಿದೆಯಪ್ಪ. ಆದರೆ ನೀನು ಇದನ್ನು ಆಡಿಸುತ್ತಿಲ್ಲ, ಇದು ನಿನ್ನನ್ನು ಆಡಿಸುತ್ತಿದೆ,” ಎಂದರು.

ನಾನು ಸುಮ್ಮನಿರಲಿಲ್ಲ. 1952 ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಪಂದ್ಯಗಳ ಕಥೆಯನ್ನು ತೆಗೆದೆ. ಆ ಪಂದ್ಯಗಳು ಏಷ್ಯಾ ಖಂಡದಲ್ಲಿ ನಡೆದದ್ದು ಅದೇ ಮೊದಲು. ಜಪಾನಿನಿಂದ ಬಂದಿದ್ದ ಹಿರೋಜಿ ಸಾಟೋ ಎಂಬ ಕನ್ನಡಕಧಾರಿ ಆಟಗಾರನು ದಪ್ಪನೆಯ ಸ್ಪಾಂಜನ್ನು ಅಂಟಿಸಿದ ಬ್ಯಾಟಿನಿಂದ ಆಡಿ ಜಗಜ್ಜೇತನಾದನು. ಅದುವರೆಗೆ ಎಲ್ಲರದೂ ಮುಳ್ಳುಮುಳ್ಳಾದ ತೆಳ್ಳನೆಯ ರಬ್ಬರಿನ ಬ್ಯಾಟು. ಚೆಂಡು ತಗುಲಿದಾಗ ‘ಟಕ್’ ಎಂದು ಕೇಳುವ ಸದ್ದನ್ನು ನಂಬಿಯೇ ಎದುರಾಳಿಗಳು ಆಡುತ್ತಿದ್ದರು. ಸಾಟೋವಿನ ಬ್ಯಾಟು ಸದ್ದನ್ನೇ ನುಂಗಿಬಿಟ್ಟಿತು. ಯೂರೋಪಿನ ಹೆಸರಾಂತ ಆಟಗಾರರು ಕಂಗಾಲಾದರು. ಈ ಬಗೆಯ ಹೊದಿಕೆಗಳಿಗೆ 1959 ರಲ್ಲಿ ಮಿತಿಯನ್ನು ಗೊತ್ತುಮಾಡಬೇಕಾಯಿತು. ಸ್ಪಾಂಜು, ರಬ್ಬರು, ಅಂಟು ಎಲ್ಲ ಸೇರಿ ಒಂದು ಪಕ್ಕಕ್ಕೆ 4 ಮಿಲಿಮೀಟರನ್ನು ಮೀರಬಾರದೆಂಬ ನಿಯಮವು ಇಂದಿಗೂ ಇದೆ. “ಬ್ಯಾಟಿನಿಂದ ಏನೂ ಆಗುವುದಿಲ್ಲವೆನ್ನುತ್ತೀರಲ್ಲ, ಸಾಟೋ ಗೆದ್ದದ್ದು ಯಾತರಿಂದ?” ಎಂದು ಕೇಳಿದೆ.

ಮಾಸ್ತರರು ನಕ್ಕರು. “ಬ್ಯಾಟಿನಿಂದ ಏನೂ ಆಗುವುದಿಲ್ಲವೆಂದು ನಾನು ಯಾವಾಗ ಹೇಳಿದೆ? ಬಹಳ ಆಗುತ್ತದೆ. ಆತ ತನ್ನ ಆಟಕ್ಕೆ ಒಪ್ಪುವ ಬ್ಯಾಟನ್ನು ಹುಡುಕಿಕೊಂಡ. ನೀನು ಇನ್ನಾರದೋ ಆಟಕ್ಕೆ ಒಪ್ಪುವ ಬ್ಯಾಟನ್ನು ಕೊಂಡುಕೊಂಡೆ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಾರನೆಯ ವಾರವೇ ಅವರನ್ನು ಜೊತೆಗೆ ಕರೆದುಕೊಂಡು ಜಿಲ್ಲಾ ಕೇಂದ್ರದ ಅಂಗಡಿಗೆ ಹೋದೆ. ಹಲಗೆಯನ್ನು ಆರಿಸುವ ಕ್ರಮವನ್ನು ಅಂದು ಅವರಿಂದ ಕಲಿತೆ. ಮೊದಲು ಅವರು ನನ್ನ ಬಲಗೈಯನ್ನು ಹಿಡಿದು ನೋಡಿದರು. ಹೆಣ್ಣು ನೋಡುವವರು ಜಾತಕವನ್ನು ನೋಡುವಂತೆ. ಅಂಗೈ ಚಿಕ್ಕದು, ಬೆವರು ಹೆಚ್ಚು, ಮಣಿಕಟ್ಟು ಬಿಗಿ. “ತುದಿಯಲ್ಲಿ ಅಗಲವಾದ ಹಿಡಿ ನಿನಗೆ ಬೇಕು. ನೇರವಾದ ಹಿಡಿ ನಿನ್ನ ಬೆವರಿಗೆ ಜಾರುತ್ತದೆ,” ಎಂದರು. ಬಳಿಕ ತೂಕ. ರಬ್ಬರಿಲ್ಲದ ಹಲಗೆಗಳು ಸಾಮಾನ್ಯವಾಗಿ 80 ರಿಂದ 95 ಗ್ರಾಂ ಇರುತ್ತವೆ. ಆದರೆ ಒಂದೇ ಕಾರ್ಖಾನೆಯ ಒಂದೇ ಹೆಸರಿನ ಎರಡು ಹಲಗೆಗಳಲ್ಲಿ ಐದಾರು ಗ್ರಾಂ ವ್ಯತ್ಯಾಸವಿರುವುದುಂಟು. ಎಷ್ಟಾದರೂ ಅವು ಮರಗಳು. ಒಂದು ಮರದಂತೆ ಇನ್ನೊಂದು ಬೆಳೆಯುವುದಿಲ್ಲ. ಅಂಗಡಿಯವನ ಅನುಮತಿಯಿಂದ ನಾಲ್ಕು ಹಲಗೆಗಳನ್ನು ಪಕ್ಕದ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿದೆವು. ಆತನು ಬಂಗಾರವನ್ನು ಇಡುವಷ್ಟೇ ಭಯಭಕ್ತಿಯಿಂದ ಅವನ್ನು ತಟ್ಟೆಯಲ್ಲಿಟ್ಟನು. ಎರಡು ರಬ್ಬರುಗಳನ್ನು ಅಂಟಿಸಿದ ಮೇಲೆ ಬ್ಯಾಟಿನ ತೂಕ ಎರಡರಷ್ಟಾಗುತ್ತದೆ. ಮೂರನೆಯ ಆಟದ ಹೊತ್ತಿಗೆ ತೋಳು ಅರಿಯುವುದು ಆ ಐದು ಗ್ರಾಮನ್ನೇ.

ಆಮೇಲೆ ಸದ್ದು. ಬರಿಯ ಮರದ ಮೇಲೆ ಚೆಂಡನ್ನು ಪುಟಿಸಿ ಕಿವಿಗೊಟ್ಟು ಕೇಳಬೇಕು. ತಾರವಾಗಿ ‘ಟಿಣ್’ ಎಂದರೆ ಹಲಗೆ ಬಿಗಿಯಾದದ್ದು, ವೇಗವುಳ್ಳದ್ದು. ಮಂದ್ರವಾಗಿ ‘ಟೊಕ್’ ಎಂದರೆ ಮೃದುವಾದದ್ದು, ಚೆಂಡನ್ನು ಹಿಡಿದು ಬಿಡುವಂಥದ್ದು. ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ನಮ್ಮ ಅಜ್ಜಿಯರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದುದು ಇದೇ ವಿದ್ಯೆ. ಕಟ್ಟಕಡೆಗೆ, ಹಲಗೆಯ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಎಲ್ಲಿಯೂ ಬಾಗಿಲ್ಲವೆಂದು, ಪದರಗಳ ನಡುವೆ ಸಂದಿಲ್ಲವೆಂದು ನೋಡಬೇಕು. ಆ ಅಂಚಿನಲ್ಲಿ ಒಂದು ಭೂಗೋಳವೇ ಇರುತ್ತದೆ. ನಡುವಿನ ದಪ್ಪ ಪದರವು ಬಹುಮಟ್ಟಿಗೆ ಪಶ್ಚಿಮ ಆಫ್ರಿಕದ ಆಯೂಸ್ ಎಂಬ ಹಗುರಾದ ಮರ. ಹೊರಪದರವು ಅಲ್ಲಿಯದೇ ಲಿಂಬಾ ಅಥವಾ ಕೋಟೋ. ಜಪಾನಿನವರು ಹಿನೋಕಿಯೆಂಬ ಮರವನ್ನು ಬಳಸುವುದುಂಟು. ನಾರಾ ನಗರದ ಬಳಿಯ ಹೋರ್ಯೂಜಿ ಎಂಬ ಪುರಾತನ ಬೌದ್ಧ ದೇವಾಲಯವನ್ನು ಕಟ್ಟಿರುವುದೂ ಆ ಮರದಿಂದಲೇ. ದೇವಾಲಯದ ಕಂಬವಾದ ಮರವೇ ಚೆಂಡಾಟದ ಹಲಗೆಯೂ ಆಗಿದೆಯೆಂದು ತಿಳಿದಂದಿನಿಂದ ನನ್ನ ಆಟದ ವಿಷಯದಲ್ಲಿ ನನಗೆ ಕೊಂಚ ಗೌರವವು ಬಂದಿದೆ.

ಅಂದು ನಾಲ್ಕರಲ್ಲಿ ಆರಿಸಿದ್ದು ಐದು ಪದರದ, ಮಧ್ಯಮ ವೇಗದ, 86 ಗ್ರಾಂ ತೂಕದ ಸಾಧಾರಣ ಹಲಗೆ. ಬೆಲೆಯು ಮೊದಲಿನದರ ಮೂರರಲ್ಲಿ ಒಂದು ಪಾಲು. ಒಂದು ತಿಂಗಳಲ್ಲಿ ನಾನು ಪುನಃ ಹತ್ತರಲ್ಲಿ ಏಳನ್ನು ಮಾತ್ರ ಸೋಲುವ ಸ್ಥಿತಿಗೆ ಬಂದೆ.

ಕಥೆಯು ಇಲ್ಲಿಗೆ ಮುಗಿದಿದ್ದರೆ ನನ್ನ ಪಾಲಿಗೆ ಸುಖವಾಗಿತ್ತು. ಎರಡು ವರ್ಷಗಳ ಕೆಳಗೆ, ಆಷಾಢದ ಮಳೆಯಲ್ಲಿ, ಮಾಸ್ತರರು ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡರು. ನೋಡಲು ಹೋದಾಗ ಅವರು ಹಾಸಿಗೆಯ ಪಕ್ಕದಿಂದ ಬ್ಯಾಟನ್ನು ತೆಗೆಸಿ ನನ್ನ ಕೈಗೆ ಕೊಟ್ಟರು. “ಈ ಮನೆಯ ಗೋಡೆಯೆಲ್ಲ ಥಂಡಿ. ಮಳೆಗಾಲ ಕಳೆಯುವ ತನಕ ನಿಮ್ಮ ಮನೆಯಲ್ಲಿಟ್ಟುಕೊ. ಬೇಕಾದರೆ ಆಡು. ಬೇರೇನೂ ಮಾಡಬೇಡ,” ಎಂದರು.

ಬೇರೇನೂ ಮಾಡಬೇಡವೆಂಬ ಮಾತು ನನ್ನ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಅದರ ರಬ್ಬರು ಹೊಳಪಳಿದು ಕಲ್ಲಿನಂತಾಗಿತ್ತು. ಅವರು ಗುಣವಾಗಿ ಬರುವ ಹೊತ್ತಿಗೆ ಹೊಸ ರಬ್ಬರನ್ನು ಹಾಕಿಸಿ ಆಶ್ಚರ್ಯಪಡಿಸಬೇಕೆಂದು ನನಗೆ ಆಸೆಯಾಯಿತು. ಒಂದು ಭಾನುವಾರ ಮಧ್ಯಾಹ್ನ ಹಳೆಯ ರಬ್ಬರಿನ ಮೂಲೆಯನ್ನು ಎಬ್ಬಿಸಿ, ಗಾಯದ ಪಟ್ಟಿಯನ್ನು ಕೀಳುವವರಂತೆ ನೆಟ್ಟಗೆ ಮೇಲಕ್ಕೆ, ಒಂದೇ ಸಲಕ್ಕೆ ಎಳೆದೆ. ‘ಚರ್’ ಎಂಬ ಸದ್ದು ಬಂದಿತು. ರಬ್ಬರಿನ ಬೆನ್ನಿನಲ್ಲಿ ಹೆಬ್ಬೆರಳಗಲದ, ಬೆರಳುದ್ದದ ಮರದ ಸಿಬಿರು ಅಂಟಿಕೊಂಡಿತ್ತು. ಹಲಗೆಯಲ್ಲಿ ಅಷ್ಟೇ ಉದ್ದಗಲದ ಹಳ್ಳ.

ಆ ರಬ್ಬರನ್ನು ಎಷ್ಟೋ ವರ್ಷಗಳ ಹಿಂದೆ ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕುವ ಸೊಲ್ಯೂಷನ್ನಿನಿಂದ ಅಂಟಿಸಿದ್ದರು. ಆ ಕಾಲದಲ್ಲಿ ಅನೇಕರು ಹಾಗೆಯೇ ಮಾಡುತ್ತಿದ್ದರು. ಆವಿಯಾಗುವ ದ್ರಾವಣಗಳುಳ್ಳ ಅಂಟುಗಳನ್ನು 2008 ರಲ್ಲಿ ನಿಷೇಧಿಸಿದ ಮೇಲೆ ನೀರಿನ ಅಂಟು ಬಳಕೆಗೆ ಬಂದಿದೆ. ಹಲಗೆಗೆ ವಾರ್ನಿಷ್ ಇರಲಿಲ್ಲ. ಮಳೆಗಾಲದ ತೇವದಿಂದ ಮರ ಮೆತ್ತಗಾಗಿತ್ತು. ಇಷ್ಟು ಕಾರಣಗಳನ್ನು ನಾನು ಅಂದೇ ಹುಡುಕಿಕೊಂಡೆ. ಮುಖ್ಯ ಕಾರಣವು ನನ್ನ ಆತುರವೆಂಬುದನ್ನು ಒಪ್ಪಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನವೂ ನಾನು ಮಾಸ್ತರರ ಮನೆಯ ಕಡೆಗೆ ತಲೆಹಾಕಲಿಲ್ಲ. ಮುಖವನ್ನು ಹೇಗೆ ತೋರಿಸಲಿ? ನಮ್ಮ ಬೀದಿಯಿಂದ ಅವರ ಮನೆಗೆ ಮುನ್ನೂರು ಹೆಜ್ಜೆ. ಆದರೆ ಪೇಟೆಗೆ ಹೋಗುವಾಗಲೂ ಕೆರೆಯ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದೆ.

ಕೊನೆಗೆ ನನ್ನ ಮನೆಯಾಕೆಯೇ, “ನಮ್ಮ ಬಾಗಿಲು ಉಬ್ಬಿದಾಗ ಸರಿಮಾಡಿದ ಆಚಾರ್ರಿಗೆ ಇದನ್ನು ತೋರಿಸಬಾರದೆ?” ಎಂದಳು. ಆಚಾರ್ರು ಹಲಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಯಾರು ಮಾಡಿದ್ದೋ, ಕೆಲಸ ಬಲ್ಲವರು,” ಎಂದರು. “ಮರ ನೀರು ಕುಡಿದರೆ ಉದ್ದಕ್ಕೆ ಬೆಳೆಯುವುದಿಲ್ಲ ಸ್ವಾಮಿ, ಅಗಲಕ್ಕೆ ಉಬ್ಬುತ್ತದೆ. ನಿಮ್ಮ ಬಾಗಿಲು ಉಬ್ಬಿದ್ದೂ ಹಾಗೇ. ಇಲ್ಲಿ ನೋಡಿ, ಮೇಲಿನ ಪದರದ ಎಳೆ ಉದ್ದಕ್ಕಿದೆ, ಅದರ ಕೆಳಗಿನದು ಅಡ್ಡಕ್ಕೆ, ನಡುವಿನದು ಮತ್ತೆ ಉದ್ದಕ್ಕೆ. ಒಂದು ಉಬ್ಬಲು ಹೋದರೆ ಇನ್ನೊಂದು ಬಿಡುವುದಿಲ್ಲ. ಈಚೆ ಎರಡಿದ್ದರೆ ಆಚೆಯೂ ಎರಡು. ಅದಕ್ಕೇ ಹಲಗೆ ಸೊಟ್ಟಗಾಗಿಲ್ಲ.” ಆ ಬಳಿಕ ನನ್ನ ಮುಖವನ್ನು ನೋಡಿ, “ಇಷ್ಟು ಬುದ್ಧಿವಂತಿಕೆಯಿಂದ ಕಟ್ಟಿದ್ದನ್ನು ಬಾಳೆಪಟ್ಟೆ ಸೀಳಿದ ಹಾಗೆ ಸೀಳಿದ್ದೀರಲ್ಲ!” ಎಂದರು. ಪುಣ್ಯಕ್ಕೆ ಹಳೆಯ ರಬ್ಬರನ್ನು ನಾನು ಎಸೆದಿರಲಿಲ್ಲ. ಅದರ ಬೆನ್ನಿನಿಂದ ಸಿಬಿರನ್ನು ತೆಳುವಾದ ಅಲಗಿನಿಂದ ಬಿಡಿಸಿ, ಹಳ್ಳದಲ್ಲಿ ಅದರ ಎಳೆ ಕೂಡುವಂತೆ ಕೂರಿಸಿ, ಮರದ ಅಂಟನ್ನು ಹಚ್ಚಿ, ಎರಡು ಮಟ್ಟಸವಾದ ಹಲಗೆಗಳ ನಡುವೆ ಒಂದು ರಾತ್ರಿ ಬಿಗಿದಿಟ್ಟರು. ಉಳಿದ ಸಂದಿಗೆ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಮಾರನೆಯ ದಿನ ನಯವಾದ ಮರಳುಕಾಗದದಿಂದ ಎಳೆಯ ಜಾಡಿನಲ್ಲಿಯೇ ಮೆಲ್ಲಗೆ ಉಜ್ಜಿ, ತೆಳುವಾಗಿ ವಾರ್ನಿಷ್ ಹಚ್ಚಿದರು. ಕೂಲಿ ಇನ್ನೂರು ರೂಪಾಯಿ. ಬೈಗುಳಕ್ಕೆ ಪ್ರತ್ಯೇಕವಾಗಿ ಏನೂ ತೆಗೆದುಕೊಳ್ಳಲಿಲ್ಲ.

ಅಂದು ಸಂಜೆ ಮಾಸ್ತರರ ಮನೆಗೆ ಹೋದೆ. ಹಲಗೆಯನ್ನು ಅವರ ಎಡಗೈಗೆ ಕೊಟ್ಟು ನಡೆದುದನ್ನೆಲ್ಲ ಹೇಳಿದೆ. ಅವರು ಹೆಬ್ಬೆರಳನ್ನು ತೇಪೆಯ ಮೇಲೆ ಒಂದೆರಡು ಸಲ ಆಡಿಸಿದರು. ಹೊರಗೆ ಮಳೆ ಸುರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಮಾತನಾಡಿದರು: “ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು. ಮೂವತ್ತು ವರ್ಷ ಇದರ ಮೇಲೆ ಒಂದು ಗೀರು ಬೀಳದಂತೆ ಇಟ್ಟುಕೊಂಡಿದ್ದೆ. ಆದರೆ ಹಲಗೆ ಹರಿದದ್ದು ನನಗೆ ಗೊತ್ತಿರಲಿಲ್ಲವಲ್ಲಪ್ಪ. ನೀನು ಬರದೆ ಇದ್ದದ್ದು ಗೊತ್ತಿತ್ತು. ಕೈ ಮುರಿದ ಮುದುಕನ ಹತ್ತಿರ ಇವನಿಗೇನು ಕೆಲಸವೆಂದು ಬಿಟ್ಟುಬಿಟ್ಟೆಯೇನೋ ಎಂದುಕೊಂಡಿದ್ದೆ. ದಿನಾ ಆರು ಗಂಟೆಗೆ ಬಾಗಿಲ ಕಡೆ ನೋಡುತ್ತಿದ್ದೆ.”

ನಾನು ಹರಿದದ್ದು ಒಂದು ಪದರವನ್ನು ಎಂದುಕೊಂಡಿದ್ದೆ. ಮರದ ಹರಿವನ್ನು ಮುಚ್ಚಿಡಲು ಹೋಗಿ, ಇಪ್ಪತ್ತು ವರ್ಷದ ಸ್ನೇಹವನ್ನೂ ನೆಟ್ಟಗೆ ಮೇಲಕ್ಕೆ ಎಳೆದಿದ್ದೆನೆಂಬುದು ಆಗ ತಿಳಿಯಿತು. ಅಂದಿನಿಂದ ಅವರ ಕೈ ಕೂಡುವ ಪರ್ಯಂತ ಪ್ರತಿದಿನ ಆರು ಗಂಟೆಗೆ ಅವರ ಮನೆಗೆ ಹೋಗುತ್ತಿದ್ದೆ.

ಹಲಗೆಯ ಆರೈಕೆಯ ವಿಷಯದಲ್ಲಿ ನಾನೀಗ ಪಾಲಿಸುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಹೊಸ ಹಲಗೆಗೆ ಮೊದಲ ರಬ್ಬರನ್ನು ಅಂಟಿಸುವ ಮುನ್ನ ನೀರಿನಲ್ಲಿ ಕರಗುವ ವಾರ್ನಿಷನ್ನು ಒಂದೇ ಒಂದು ಸಲ, ತೆಳುವಾಗಿ ಹಚ್ಚಬೇಕು. ದಪ್ಪವಾದರೆ ಹಲಗೆಯ ಸ್ವಭಾವವೇ ಗಡಸಾಗುತ್ತದೆ. ನೀರಿನ ಅಂಟು ಹಚ್ಚುವಾಗ ಹಾಲಿನಂತೆ ಬೆಳ್ಳಗಿರುತ್ತದೆ. ಅದು ಆರಿ ತಿಳಿಯಾಗುವ ತನಕ ಕಾದು ರಬ್ಬರನ್ನು ಕೂರಿಸಬೇಕು. ಬಿಡಿಸುವಾಗ ರಬ್ಬರನ್ನು ಮೇಲಕ್ಕೆಳೆಯದೆ, ಹಿಂದಕ್ಕೆ ಮಡಚಿ ಹಲಗೆಗೆ ಒರಗಿದಂತೆ, ಎಳೆಯ ಜಾಡನ್ನು ಹಿಡಿದು, ಅಂಗುಲ ಅಂಗುಲವಾಗಿ ಸುಲಿಯಬೇಕು. ಅಂಚಿಗೆ ಒಂದು ಪಟ್ಟಿಯನ್ನು ಸುತ್ತಿದರೆ ಮೇಜಿಗೆ ತಗುಲಿದಾಗ ಮರ ಜಜ್ಜುವುದಿಲ್ಲ. ಆಟವಾದ ಮೇಲೆ ಹಿಡಿಯ ಬೆವರನ್ನು ಒಣಬಟ್ಟೆಯಿಂದ ಒರೆಸಬೇಕು. ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು. ಮಳೆಗಾಲದಲ್ಲಿ ಗೋಡೆಗೆ ಒರಗಿಸಬಾರದು. ತೇವವಾಯಿತೆಂದು ಒಲೆಯ ಬಳಿಯಲ್ಲಿ ಒಣಗಿಸಲೇಬಾರದು. ಔಷಧದ ಡಬ್ಬಿಗಳಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಬ್ಯಾಟಿನ ಚೀಲದಲ್ಲಿ ಹಾಕಿಟ್ಟರೆ ಒಳ್ಳೆಯದು. ಇವೆಲ್ಲಕ್ಕಿಂತಲೂ ಮೊದಲನೆಯದು, ಇನ್ನೊಬ್ಬರ ಹಲಗೆಯನ್ನು ಅವರನ್ನು ಕೇಳದೆ ಸುಧಾರಿಸಲು ಹೋಗಬಾರದು.

ಮಾಸ್ತರರು ಈಗ ವಾರಕ್ಕೆ ಮೂರು ದಿನ ಕ್ಲಬ್ಬಿಗೆ ಬರುತ್ತಾರೆ. ಮಣಿಕಟ್ಟಿನಲ್ಲಿ ಮೊದಲಿನ ಶಕ್ತಿಯಿಲ್ಲ. ನಾನೀಗ ಹತ್ತರಲ್ಲಿ ಐದನ್ನು ಗೆಲ್ಲುತ್ತೇನೆ. ಆ ಗೆಲುವು ಹಿಂದೆ ನಾನು ಎಣಿಸಿದಷ್ಟು ರುಚಿಯಾಗಿಲ್ಲ. ಬ್ಯಾಟಿನ ಮೇಲ್ಮೈಯಲ್ಲಿ ಸವೆತದಿಂದಲೋ ಆಕಸ್ಮಿಕದಿಂದಲೋ ಆದ ಅಲ್ಪಸ್ವಲ್ಪ ಊನವನ್ನು, ಅದರ ಗುಣವು ಹೆಚ್ಚಾಗಿ ಬದಲಾಗದಿದ್ದರೆ, ಮನ್ನಿಸಬಹುದೆಂದು ಆಟದ ನಿಯಮಾವಳಿಯಲ್ಲಿಯೇ ಇದೆ. ಅದನ್ನು ಓದಿ ತೋರಿಸಿದಾಗ ಮಾಸ್ತರರು, “ನಿಯಮ ಮಾಡಿದವರು ಸಂಸಾರಸ್ಥರಿರಬೇಕು,” ಎಂದರು. ಕಾರ್ಬನ್ನಿನ ಹಲಗೆಯನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟೆ. ಕಾಲೇಜಿನ ತಂಡದಲ್ಲಿ ಆಡುವ ಅವನ ಕೈಯಲ್ಲಿ ಅದು ಬಹಳ ವಿಧೇಯವಾಗಿದೆ.

ಚೆಂಡು ಆ ತೇಪೆಯ ಮೇಲೆ ಬಿದ್ದಾಗ ಸದ್ದು ತುಸು ಬೇರೆಯಾಗುತ್ತದೆ. ಬೇರೆ ಯಾರಿಗೂ ಅದು ಕೇಳಿಸುವುದಿಲ್ಲ. ನಮ್ಮಿಬ್ಬರಿಗೆ ಕೇಳಿಸುತ್ತದೆ. ಆಗ ಮಾಸ್ತರರು ಮೇಜಿನ ಆಚೆಯಿಂದ ಒಮ್ಮೆ ನನ್ನ ಕಡೆಗೆ ನೋಡಿ, ಮುಂದಿನ ಚೆಂಡನ್ನು ಸರಿಯಾಗಿ ಕೆರೆಗೆ ಹಾಕುತ್ತಾರೆ.